ಮೊಡವೆಯ ಗುಳಿಗೆಗೆ ಕೊನೆಯ ದಿನಾಂಕ ಬೇಕು

ಮೊಡವೆಗೆಂದು ಚರ್ಮವೈದ್ಯರ ಬಳಿ ಹೋದ ಹುಡುಗ ಹುಡುಗಿಯರ ಕೈಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ. ಮುಖ ತೊಳೆಯಲು ಒಂದು, ರಾತ್ರಿ ಹಚ್ಚಲು ಒಂದು ಮುಲಾಮು, ಊಟವಾದ ಮೇಲೆ ನುಂಗಲು ಒಂದು ಗುಳಿಗೆ. ಆ ಗುಳಿಗೆ ಡಾಕ್ಸಿಸೈಕ್ಲಿನ್ ಆಗಿರಬಹುದು, ಮಿನೊಸೈಕ್ಲಿನ್ ಆಗಿರಬಹುದು, ನಮ್ಮಲ್ಲಿ ಎಷ್ಟೋ ಸಲ ವಾರಕ್ಕೆ ಮೂರು ದಿನದ ಲೆಕ್ಕದಲ್ಲಿ ಬರೆಯುವ ಅಜಿಥ್ರೊಮೈಸಿನ್ ಆಗಿರಬಹುದು. ಮೂರೂ ಆ್ಯಂಟಿಬಯಾಟಿಕ್‌ಗಳೇ. ಮುಲಾಮು ಹಚ್ಚಿದ ಮೊದಲ ವಾರ ಚರ್ಮ ಉರಿಯುತ್ತದೆ, ಸಿಪ್ಪೆ ಏಳುತ್ತದೆ. ಟ್ಯೂಬು ಕಪಾಟಿನ ಮೂಲೆ ಸೇರುತ್ತದೆ. ನುಂಗುವುದು ಸುಲಭ, ಹಾಗಾಗಿ ಗುಳಿಗೆ ಉಳಿಯುತ್ತದೆ. ಅದೇ ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಸ್ಟ್ರಿಪ್ ಸಿಗುತ್ತದೆ, ಮುಂದಿನ ತಿಂಗಳು ಮತ್ತೊಂದು. ಮೊಡವೆಗೆ ಆ್ಯಂಟಿಬಯಾಟಿಕ್ ಕೊಡಲೇಬಾರದು ಎಂಬ ಹಟ ನನಗಿಲ್ಲ. ಅದನ್ನು ಒಂಟಿಯಾಗಿ ಕೊಡಬಾರದು, ನಿಲ್ಲಿಸುವ ದಿನವನ್ನು ಬರೆಯದೆ ಕೊಡಬಾರದು, ಅಜಿಥ್ರೊಮೈಸಿನ್‌ ಅನ್ನಂತೂ ಈ ಕೆಲಸಕ್ಕೆ ವಾಡಿಕೆಯಾಗಿ ಬಳಸಲೇಬಾರದು ಎಂಬುದಷ್ಟೇ ನನ್ನ ವಾದ.

ಮೊದಲು ಮೊಡವೆ ಎಂದರೇನು ಎಂಬುದನ್ನು ಸರಿಯಾಗಿ ನೋಡಬೇಕು. ಹರೆಯದ ಹಾರ್ಮೋನುಗಳ ಒತ್ತಡಕ್ಕೆ ಮುಖದ ಜಿಡ್ಡಿನ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ರೋಮಕೂಪದ ಬಾಯಿಯಲ್ಲಿ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಿರಡೆಯಾಗುತ್ತವೆ. ಬಿರಡೆಯ ಹಿಂದೆ ಗಾಳಿಯಾಡದ ಆ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ದೇಹ ಅದಕ್ಕೆ ಉರಿಯೂತದಿಂದ ಉತ್ತರ ಕೊಡುತ್ತದೆ, ಕೆಂಪಗೆ ಊದಿ ಕೀವು ತುಂಬುತ್ತದೆ. ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದ ಶತ್ರುವಲ್ಲ. ಮೊಡವೆಯೇ ಇಲ್ಲದವರ ಮುಖದಲ್ಲೂ ಅದು ಆಯುಷ್ಯವಿಡೀ ವಾಸಿಸುತ್ತದೆ. ಗಂಟಲು ಕೆರೆತಕ್ಕೋ ಮೂತ್ರದ ಸೋಂಕಿಗೋ ಐದು ದಿನ ಔಷಧ ಕೊಟ್ಟು ರೋಗಾಣುವನ್ನು ಓಡಿಸಿದ ಹಾಗೆ ಇದನ್ನು ಓಡಿಸಲು ಬರುವುದಿಲ್ಲ. ಗುಳಿಗೆ ನುಂಗುವಷ್ಟು ದಿನ ಅದರ ಸಂಖ್ಯೆ ತಗ್ಗುತ್ತದೆ, ಊತ ಇಳಿಯುತ್ತದೆ. ಜಿಡ್ಡು ಹಾಗೇ ಇರುತ್ತದೆ, ಬಿರಡೆಯೂ ಹಾಗೇ ಇರುತ್ತದೆ. ಗುಳಿಗೆ ಬಿಟ್ಟ ಎರಡು ಮೂರು ತಿಂಗಳಿಗೆ ಮೊಡವೆ ಮರಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಮನೆಯಲ್ಲಿ ಅದನ್ನು ಓದಿಕೊಳ್ಳುವ ರೀತಿಯೇ ಬೇರೆ: ಗುಳಿಗೆ ಬಿಟ್ಟದ್ದಕ್ಕೇ ಬಂತು, ಮತ್ತೆ ಶುರು ಮಾಡು.

ಹೀಗೆ ತಿಂಗಳುಗಟ್ಟಲೆ ನುಂಗಿದ್ದರ ಫಲ ಏನೆಂಬುದಕ್ಕೆ ಸಾಕ್ಷ್ಯ ಹೊಸದೇನಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಚರ್ಮರೋಗ ವಿಭಾಗದಲ್ಲಿ ಮೊಡವೆ ರೋಗಿಗಳ ಮುಖದ ಬ್ಯಾಕ್ಟೀರಿಯಾಗಳನ್ನು ಹತ್ತು ವರ್ಷ ಬಿಡದೆ ಪರೀಕ್ಷಿಸಿದರು. 1991ರಲ್ಲಿ ಔಷಧಕ್ಕೆ ಬಗ್ಗದ ತಳಿಗಳನ್ನು ಹೊತ್ತವರು ಶೇ 34.5ರಷ್ಟಿದ್ದರು, 1997ರ ಹೊತ್ತಿಗೆ ಆ ಸಂಖ್ಯೆ ಶೇ 64ಕ್ಕೆ ಏರಿತ್ತು. ನಮ್ಮ ದೇಶದ ಚಿತ್ರ ಇನ್ನೂ ಕೆಟ್ಟದ್ದು. ದೆಹಲಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಮೊಡವೆ ರೋಗಿಗಳಿಂದ ತೆಗೆದ ತಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎರಿಥ್ರೊಮೈಸಿನ್ ಮತ್ತು ಅಜಿಥ್ರೊಮೈಸಿನ್‌ಗೆ ಪ್ರತಿರೋಧ ತೋರಿದವು. ಸಣ್ಣ ಅಧ್ಯಯನದಿಂದ ಇಡೀ ದೇಶದ ಲೆಕ್ಕ ಹೇಳಲಾಗದು, ನಿಜ. ಆದರೂ ಪ್ರಯೋಗಾಲಯದ ತಟ್ಟೆಯಲ್ಲಿ ಸೋತ ಔಷಧವನ್ನೇ ವಾರಕ್ಕೆ ಮೂರು ದಿನ ಬರೆಯುತ್ತಾ ಹೋಗುವುದಕ್ಕೆ ಬಲವಾದ ಕಾರಣ ಬೇಕು. ಅದು ನನಗೆ ಕಾಣುತ್ತಿಲ್ಲ.

ನಷ್ಟ ಮುಖದ ಚರ್ಮಕ್ಕೆ ಸೀಮಿತವಾಗಿದ್ದರೆ ಇದು ವೈದ್ಯರು ತಮ್ಮೊಳಗೆ ಬಗೆಹರಿಸಿಕೊಳ್ಳುವ ವಿಷಯವಾಗುತ್ತಿತ್ತು. ಆದರೆ ನುಂಗಿದ ಗುಳಿಗೆ ನೇರವಾಗಿ ಮೊಡವೆಯ ಬುಡಕ್ಕೆ ಹೋಗುವುದಿಲ್ಲ. ಗಂಟಲು, ಕರುಳು, ಇಡೀ ಮೈಯನ್ನು ಸುತ್ತಿ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳ್ಳಿಗಾಡಿನಲ್ಲಿ ಕಾಣಿಸುವ ಸ್ಕ್ರಬ್ ಟೈಫಸ್ ಜ್ವರಕ್ಕೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡರಂತೆ ಒಂದು ವಾರ ಕೊಟ್ಟರೆ 14 ಗುಳಿಗೆ. ಜೀವ ತೆಗೆಯಬಲ್ಲ ಕಾಯಿಲೆಗೆ ಅಷ್ಟು. ಮೊಡವೆಗೆ ದಿನಕ್ಕೊಂದರಂತೆ ಹನ್ನೆರಡು ವಾರ ನುಂಗಿದರೆ 84 ಗುಳಿಗೆ, ಎಂದರೆ ಆರು ಜ್ವರದ ರೋಗಿಗಳ ಪಾಲು, ಉಳಿದಂತೆ ಆರೋಗ್ಯವಾಗಿರುವ ಒಬ್ಬ ಹದಿಹರೆಯದವನ ಹೊಟ್ಟೆಗೆ. ಸ್ಕ್ರಬ್ ಟೈಫಸ್‌ನ ರೋಗಾಣು ಆ ಹುಡುಗನ ಮೈಯಲ್ಲಿ ಇರುವುದಿಲ್ಲ, ಅವನಿಂದಾಗಿ ಅದು ಮದ್ದಿಗೆ ಬಗ್ಗದಂತಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅವನ ಕರುಳಿನಲ್ಲಿ ಇ. ಕೋಲಿ ಇದೆ, ಮೂಗಿನಲ್ಲಿ ಸ್ಟಾಫಿಲೊಕಾಕಸ್ ಇರಬಹುದು. ಆ 84 ದಿನಗಳಲ್ಲಿ ಉಳಿದುಕೊಳ್ಳಲು ಕಲಿತ ಬ್ಯಾಕ್ಟೀರಿಯಾಗಳು ತಮ್ಮ ಪ್ರತಿರೋಧದ ಜೀನುಗಳನ್ನು ಪಕ್ಕದ ತಳಿಗಳಿಗೂ ದಾಟಿಸುತ್ತವೆ, ಹಾಸ್ಟೆಲ್ಲಿನ ಕೋಣೆಯಲ್ಲಿ, ಮನೆಯ ಟವೆಲ್ಲಿನಲ್ಲಿ ಇನ್ನೊಬ್ಬರಿಗೂ ಹಬ್ಬುತ್ತವೆ. ಬ್ರಿಟನ್ನಿನ 1,18,496 ಮೊಡವೆ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಗಂಟಲು, ಶ್ವಾಸಮಾರ್ಗದ ಮೇಲ್ಭಾಗದ ಸೋಂಕು ಕಾಣಿಸಿಕೊಳ್ಳುವ ಸಂಭವ ತೆಗೆದುಕೊಳ್ಳದವರಿಗಿಂತ ಎರಡು ಪಟ್ಟು ಮಿಕ್ಕಿತ್ತು. ಕಾರಣ ಇದೇ ಎಂದು ಅಂಥ ಅಧ್ಯಯನ ಸಾಧಿಸಲಾರದು, ಎಚ್ಚರಿಸಲು ಸಾಕು.

ಅಜಿಥ್ರೊಮೈಸಿನ್ ಬಗ್ಗೆ ಇನ್ನೂ ಒಂದು ಮಾತು. ಅದು ಅಂಗಾಂಶಗಳಲ್ಲಿ ದಿನಗಟ್ಟಲೆ ಉಳಿಯುತ್ತದೆ, ಆದ್ದರಿಂದಲೇ ವಾರಕ್ಕೆ ಮೂರು ದಿನ ಸಾಕಾಗುತ್ತದೆ. ನಿಧಾನವಾಗಿ ಕರಗುತ್ತಾ ಹೋಗುವ ಆ ಅಲ್ಪ ಪ್ರಮಾಣವೇ ಪ್ರತಿರೋಧ ಬೆಳೆಯಲು ಹದವಾದ ನೆಲ. ವಿಷಮಶೀತ ಜ್ವರದಲ್ಲಿ ಸಿಪ್ರೊಫ್ಲಾಕ್ಸಸಿನ್ ಕೈಕೊಟ್ಟ ಮೇಲೆ ನಮಗೆ ಬಾಯಿಯ ಮೂಲಕ ಕೊಡಲು ಉಳಿದಿರುವ ಕೆಲವೇ ಔಷಧಗಳಲ್ಲಿ ಇದೊಂದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎಚ್ಚರಿಕೆಯಿಂದ ಬಳಸಬೇಕಾದ ಗುಂಪಿನಲ್ಲಿ ಇರಿಸಿದೆ. ಆದರೆ 2019ರಲ್ಲಿ ಭಾರತದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯಾಟಿಕ್ ಇದರದೇ 500 ಮಿಲಿಗ್ರಾಂ ಮಾತ್ರೆ.

ಬದಲಿ ಇಲ್ಲದಿದ್ದರೆ ಇಷ್ಟನ್ನೂ ಸಹಿಸಬೇಕಾಗುತ್ತಿತ್ತು. ಬದಲಿ ಇದೆ, ಅದೂ ಹಳೆಯದು, ಅಗ್ಗದ್ದು. ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಬಿಳಿ ಜೆಲ್ ರೋಮಕೂಪದೊಳಗೆ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಗಾಳಿಯಿಲ್ಲದ ಜಾಗವನ್ನೇ ನೆಚ್ಚಿಕೊಂಡ ಬ್ಯಾಕ್ಟೀರಿಯಾ ಅಲ್ಲಿ ಬದುಕಲಾರದು. ಇದು ಯಾವುದೋ ಒಂದು ಪ್ರೋಟೀನನ್ನು ಗುರಿಯಿಡುವ ಔಷಧವಲ್ಲ, ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಹಾಗಾಗಿ ಇದಕ್ಕೆ ಪ್ರತಿರೋಧ ಬೆಳೆದದ್ದು ಇಷ್ಟು ದಶಕಗಳಲ್ಲಿ ಕಂಡುಬಂದಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟಿಷ್ ಪ್ರಯೋಗವೊಂದರಲ್ಲಿ ಸಾಧಾರಣ ಮೊಡವೆಯಿರುವ 649 ಮಂದಿಯನ್ನು ಐದು ಗುಂಪು ಮಾಡಿ ಹದಿನೆಂಟು ವಾರ ಚಿಕಿತ್ಸೆ ಕೊಟ್ಟರು. ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಿಕೊಂಡವರಿಗೂ ಟೆಟ್ರಾಸೈಕ್ಲಿನ್ ಜಾತಿಯ ಗುಳಿಗೆ ನುಂಗಿದವರಿಗೂ ಗುಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಣದ ಲೆಕ್ಕದಲ್ಲಿ ಗೆದ್ದದ್ದು ಜೆಲ್. ಬ್ಯಾಕ್ಟೀರಿಯಾ ಮೊದಲೇ ಪ್ರತಿರೋಧ ಗಳಿಸಿದ್ದವರಲ್ಲಿ ಗುಳಿಗೆಯ ಪರಿಣಾಮ ಇಳಿದಿತ್ತು. ಇಪ್ಪತ್ತು ವರ್ಷ ದಾಟಿದ ಈ ಫಲಿತಾಂಶ ಪ್ರತಿ ಹದಿಹರೆಯದವರ ಮನೆಗೂ ತಲುಪಬೇಕಿತ್ತು. ಉರಿಯುತ್ತದೆ ಎಂಬ ದೂರು ಸುಳ್ಳಲ್ಲ, ಮುಖ್ಯವಾಗಿ ಕಲೆ ಬೇಗ ಕಪ್ಪಾಗುವ ನಮ್ಮ ಚರ್ಮಕ್ಕೆ ಉರಿ ಒಳ್ಳೆಯದೂ ಅಲ್ಲ. ಆದರೆ ಶೇ 2.5ರ ಜೆಲ್ ಶೇ 10ರಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಒಣಗಿದ ಮುಖಕ್ಕೆ ತೆಳುವಾಗಿ ಸವರಿ, ಮೊದಲೆರಡು ವಾರ ದಿನ ಬಿಟ್ಟು ದಿನ ಹಚ್ಚಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಬಳಸಿದರೆ ಹೆಚ್ಚಿನವರು ತಾಳಿಕೊಳ್ಳುತ್ತಾರೆ. ಬಣ್ಣದ ದಿಂಬಿನ ಚೀಲದ ಮೇಲೆ ಬಿಳಿಚಿದ ಮಚ್ಚೆ ಬೀಳುತ್ತದೆ, ಹಳೆಯ ಬಿಳಿ ಚೀಲ ಹಾಕಿಕೊಳ್ಳಿ ಎಂದು ಮೊದಲೇ ಹೇಳಬೇಕು. ಆರರಿಂದ ಎಂಟು ವಾರ ಕಾಯಬೇಕೆಂದೂ ಹೇಳಬೇಕು. ಬಿರಡೆ ಬಿಡಿಸುವ ಅಡಾಪಲೀನ್ ಜೊತೆಗೂಡಿದರೆ ಇನ್ನೂ ಒಳ್ಳೆಯದು. ಈ ಮಾತುಗಳನ್ನು ಹೇಳಲು ಐದು ನಿಮಿಷ ಬೇಕು, ಗುಳಿಗೆ ಬರೆಯಲು ಐದು ಸೆಕೆಂಡು ಸಾಕು. ಹೊರರೋಗಿ ವಿಭಾಗದ ಸಾಲು ನೋಡಿದವರಿಗೆ ಯಾವುದು ಗೆಲ್ಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಹೆಚ್ಚಾಗಿ ಉರಿಯೂತ ತಗ್ಗಿಸುವುದರಿಂದ ಕೆಲಸ ಮಾಡುತ್ತದೆ, ಹಾಗಾಗಿ ಪ್ರತಿರೋಧದ ಭಯ ಬೇಡ ಎಂದು ಕೆಲವು ವೈದ್ಯರು ಹೇಳುತ್ತಾರೆ. ಮೊದಲರ್ಧ ಸರಿಯಿರಬಹುದು. ಆದರೆ ಯಾವ ಉದ್ದೇಶಕ್ಕೆ ನುಂಗಿದರೆಂಬುದು ಕರುಳಿನ ಬ್ಯಾಕ್ಟೀರಿಯಾಕ್ಕೆ ತಿಳಿಯುವುದಿಲ್ಲ. 100 ಮಿಲಿಗ್ರಾಂ ಎಂದರೆ ಅದಕ್ಕೆ 100 ಮಿಲಿಗ್ರಾಮೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮೊಡವೆ ಕ್ಷುಲ್ಲಕ ಕಾಯಿಲೆಯಲ್ಲ. ಕನ್ನಡಿ ತಪ್ಪಿಸಿಕೊಳ್ಳುವ, ಕಾಲೇಜು ತಪ್ಪಿಸುವ, ಮದುವೆಯ ಮಾತುಕತೆಯಲ್ಲಿ ಕುಗ್ಗಿಹೋಗುವ ಮಕ್ಕಳ ನೋವು ನಿಜವಾದದ್ದು, ಕುಳಿಬಿದ್ದ ಕಲೆ ಜೀವನವಿಡೀ ಉಳಿಯುವಂಥದ್ದು. ವಯಸ್ಸಿಗೆ ಬಂದ ಮೇಲೆ ಎಲ್ಲರಿಗೂ ಬರುತ್ತದೆ, ತಾನಾಗಿ ಹೋಗುತ್ತದೆ ಎಂದು ತಳ್ಳಿಹಾಕುವ ಹಿರಿಯರ ಪರ ನಾನಿಲ್ಲ. ತೀವ್ರ ಮೊಡವೆಗೆ ಮುಲಾಮಿನ ಜೊತೆ ಕೆಲವು ವಾರ ಗುಳಿಗೆ ಕೊಡುವುದು ಸರಿಯಾದ ಚಿಕಿತ್ಸೆಯೇ. ಆದರೆ ಕಲೆಯ ಭಯವೇ ಗುಳಿಗೆಯನ್ನು ಎಳೆಯುವುದಕ್ಕೆ ವಿರುದ್ಧವಾದ ದೊಡ್ಡ ಕಾರಣ. ನ್ಯೂಯಾರ್ಕಿನಲ್ಲಿ, ಕೊನೆಗೆ ಐಸೊಟ್ರೆಟಿನಾಯ್ನ್ ಎಂಬ ಬೇರೆ ಬಗೆಯ ಔಷಧ ಬೇಕಾದ 137 ರೋಗಿಗಳ ಹಿಂದಿನ ದಾಖಲೆ ತೆಗೆದು ನೋಡಿದಾಗ, ಅವರು ಅದಕ್ಕೆ ಮೊದಲು ಸರಾಸರಿ 331 ದಿನ ಆ್ಯಂಟಿಬಯಾಟಿಕ್ ನುಂಗಿದ್ದರು. ಹತ್ತಿರಹತ್ತಿರ ಒಂದು ವರ್ಷ. ಆ ವರ್ಷದಲ್ಲಿ ಬಿದ್ದ ಕುಳಿಗಳನ್ನು ಯಾವ ಔಷಧವೂ ತುಂಬಿಸಲಾರದು. ಹನ್ನೆರಡು ವಾರಕ್ಕೆ ಗುಳಿಗೆ ಕೆಲಸ ಮಾಡಿಲ್ಲವೆಂದರೆ ಮಾರ್ಗ ಬದಲಿಸಬೇಕು. ಐಸೊಟ್ರೆಟಿನಾಯ್ನ್ ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಗರ್ಭದ ಮಗುವಿಗೆ ಭಾರಿ ಅಪಾಯ ಇರುವುದರಿಂದ ಹೆಣ್ಣುಮಕ್ಕಳಿಗೆ ಕಟ್ಟುನಿಟ್ಟಿನ ಗರ್ಭನಿರೋಧವಿಲ್ಲದೆ ಕೊಡುವಂತಿಲ್ಲ, ವೈದ್ಯರ ಕಣ್ಗಾವಲು ಬೇಕೇಬೇಕು. ವಯಸ್ಕ ಹೆಣ್ಣುಮಕ್ಕಳಿಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ದಾರಿಯಿದೆ. 410 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗ ಅದರ ಉಪಯೋಗವನ್ನು ತೋರಿಸಿತು. ಅದನ್ನೂ ಗರ್ಭಿಣಿಯರಿಗೆ ಕೊಡುವಂತಿಲ್ಲ.

ಕೋಳಿ ಫಾರಂಗಳಲ್ಲಿ, ಐಸಿಯುಗಳಲ್ಲಿ ಸುರಿಯುವ ಆ್ಯಂಟಿಬಯಾಟಿಕ್ ಮುಂದೆ ಮೊಡವೆಯದು ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಪ್ರಮಾಣದಲ್ಲಿ ಅವರ ಮಾತು ನಿಜವೇ ಇರಬಹುದು. ಪ್ರತಿರೋಧ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂಬ ಅಂದಾಜಿನಲ್ಲಿ ಮೊಡವೆಯ ಪಾಲೆಷ್ಟೆಂದು ಬೇರ್ಪಡಿಸಲು ಬರುವುದಿಲ್ಲ. ಆದರೆ ಐಸಿಯುವಿನ ರೋಗಿಗೆ ಬೇರೆ ದಾರಿ ಇಲ್ಲ, ಮೊಡವೆಯವರಿಗೆ ಇದೆ. ಬಳಕೆ ತಗ್ಗಿಸುವುದಾದರೆ ಯಾರಿಗೂ ನಷ್ಟವಾಗದ ಕಡೆಯಿಂದ ಶುರು ಮಾಡುವುದೇ ಸರಿ.

ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ ನಮಗೂ ಒಗ್ಗುವಂಥದ್ದು. ಗುಳಿಗೆಯನ್ನು ಒಂಟಿಯಾಗಿ ಕೊಡಬೇಡಿ, ಹಚ್ಚುವ ಆ್ಯಂಟಿಬಯಾಟಿಕ್ ಮತ್ತು ನುಂಗುವ ಆ್ಯಂಟಿಬಯಾಟಿಕ್ ಎರಡನ್ನೂ ಕೂಡಿಸಬೇಡಿ, ಹನ್ನೆರಡು ವಾರಕ್ಕೆ ಮರುಪರಿಶೀಲಿಸಿ, ಆರು ತಿಂಗಳು ದಾಟುವುದು ಅಪರೂಪದ ಸಂದರ್ಭದಲ್ಲಿ ಮಾತ್ರ. ನಮ್ಮಲ್ಲಿ ಈ ಔಷಧಗಳೆಲ್ಲ ಷೆಡ್ಯೂಲ್ ಎಚ್‌ನಲ್ಲಿವೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಕೇರಳ 2024ರಲ್ಲಿ ಔಷಧ ಅಂಗಡಿಗಳ ಮೇಲೆ ದಾಳಿಗಳನ್ನೇ ನಡೆಸಿತು. ಅಂಗಡಿಯವರ ಹೊಣೆ ದೊಡ್ಡದು, ಆದರೆ ಹಳೆಯ ಚೀಟಿಯಲ್ಲಿ ಎಷ್ಟು ದಿನ ಎಂದೇ ಬರೆಯದಿದ್ದರೆ ಅವರನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ತಾಲ್ಲೂಕಿನಿಂದ ಬಸ್ಸು ಹತ್ತಿ ಬರುವ, ತಜ್ಞರ ಫೀಸಿಗೆ ಹೊಂದಿಸಬೇಕಾದ ಮನೆಯವರು ಮೂರು ತಿಂಗಳಿಗೆ ಮತ್ತೆ ಬರುವುದು ಖಾತ್ರಿಯಿಲ್ಲ. ಆದ್ದರಿಂದ ನಿಲ್ಲಿಸುವ ಸೂಚನೆ ಮುಂದಿನ ಭೇಟಿಗೆ ಕಾಯಬಾರದು. ಗುಳಿಗೆಯ ಹೆಸರಿನ ಮುಂದೆಯೇ, ಕನ್ನಡದಲ್ಲಿ, ಅಮ್ಮನೂ ಅಂಗಡಿಯವನೂ ಓದಬಲ್ಲ ಅಕ್ಷರದಲ್ಲಿ ತಾರೀಕು ಹಾಕಿ ಬರೆಯಬೇಕು: ಈ ದಿನಕ್ಕೆ ಗುಳಿಗೆ ನಿಲ್ಲಿಸಿ, ಮುಲಾಮು ಮುಂದುವರಿಸಿ.