ದೀಪ ಆರಿತು, ಕಾರು ನಿಂತಿತು!

ಕರೆಂಟು ಹೋದಾಗ ಊರಿನ ಸರ್ಕಲ್ಲಿನಲ್ಲಿ ಏನಾಗುತ್ತೆ ಅನ್ನೋದನ್ನ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಸ್ಸಿನವ ಹಾರನ್ ಒತ್ತುತ್ತಾನೆ, ಆಟೋದವ ಮೂತಿ ತೂರಿಸುತ್ತಾನೆ, ಸೈಕಲ್ಲಿನವ ಸಂದಿಯಲ್ಲಿ ನುಸುಳುತ್ತಾನೆ. ನಾಲ್ಕು ಬೈಗುಳ, ಎರಡು ಕೈಸನ್ನೆ, ಹೇಗೋ ದಾರಿ ಬಿಡುತ್ತೆ. ಆದರೆ ಬೈಯಲೂ ಬಾರದ, ಸನ್ನೆಯೂ ಮಾಡದ ಕಾರು ನಡುವೆ ನಿಂತುಬಿಟ್ಟರೆ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆದದ್ದೇ ಅದು. 2025ರ ಡಿಸೆಂಬರ್ 20, ಶನಿವಾರ. ವಿದ್ಯುತ್ ಉಪಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಸುಮಾರು 1 ಲಕ್ಷ 30 ಸಾವಿರ ಮನೆ, ಅಂಗಡಿಗಳಿಗೆ ಕತ್ತಲು. ಸಿಗ್ನಲ್ಲುಗಳೂ ಆರಿದವು. ಡ್ರೈವರಿಲ್ಲದೆ ಬಾಡಿಗೆಗೆ ಓಡುವ ವೇಮೋ ಕಂಪನಿಯ ಕಾರುಗಳು ಹಲವು ಕಡೆ ರಸ್ತೆ ಕೂಡುವಲ್ಲೇ ದೀಪ ಮಿಣುಕಿಸುತ್ತ ನಿಂತವು. ಹಿಂದೆ ಗಾಡಿಗಳ ಸಾಲು. ಕೊನೆಗೆ ಕಂಪನಿ ಆ ಊರಿನಲ್ಲಿ ಬಾಡಿಗೆಯನ್ನೇ ನಿಲ್ಲಿಸಿತು.

ಕಾರಿಗೆ ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ! ಸಿಗ್ನಲ್ ಆರಿದ್ದರೆ ನಾಲ್ಕೂ ಕಡೆಯವರು ನಿಲ್ಲಬೇಕು, ಮೊದಲು ಬಂದವ ಮೊದಲು ಹೋಗಬೇಕು. ಅದು ಅಲ್ಲಿನ ಕಾನೂನು. ಆ ದಿನ ಆರಿದ ಸಿಗ್ನಲ್ಲುಗಳನ್ನು 7,000ಕ್ಕೂ ಹೆಚ್ಚು ಸಲ ದಾಟಿದ್ದೇವೆ ಅಂತ ಕಂಪನಿ ಹೇಳಿಕೊಂಡಿದೆ. ಆದರೆ ಅನುಮಾನ ಬಂದರೆ ದೂರದ ಕಚೇರಿಯವರನ್ನು ಒಂದು ಮಾತು ಕೇಳಿ ಹೊರಡುವುದು ಈ ಕಾರುಗಳ ಪದ್ಧತಿ. ಅವತ್ತು ಎಲ್ಲವೂ ಒಟ್ಟಿಗೇ ಕೇಳಿದವು. ಉತ್ತರ ತಡವಾಯಿತು. ಕೌಂಟರ್ ಒಂದು, ಕ್ಯೂ ಊರುದ್ದ!

ನಿಂತದ್ದೇ ವಾಸಿ ಅನ್ನುವವರಿದ್ದಾರೆ. ಅದರಲ್ಲೂ ಹುರುಳಿದೆ. 2023ರ ಅಕ್ಟೋಬರ್ 2ರಂದು ಅದೇ ಊರಿನಲ್ಲಿ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರಿಗೆ ಬೇರೊಂದು ಕಾರು ಹೊಡೆದು, ಆಕೆ ಕ್ರೂಸ್ ಕಂಪನಿಯ ಡ್ರೈವರಿಲ್ಲದ ಕಾರಿನ ಮುಂದೆ ಬಿದ್ದರು. ಆ ಕಾರು ನಿಂತು, ಮತ್ತೆ ಪಕ್ಕಕ್ಕೆ ಸರಿಯಲು ಹೋಗಿ ಆಕೆಯನ್ನು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾ ಸರ್ಕಾರ ಅದರ ಪರವಾನಗಿ ಅಮಾನತು ಮಾಡಿತು. ಆದರೆ ನಿಂತ ಕಾರಿನ ಹಿಂದೆ ಬೆಂಕಿ ಆರಿಸುವ ಗಾಡಿ ಸಿಕ್ಕಿಕೊಂಡರೆ ಅದೂ ಪ್ರಾಣದ ಪ್ರಶ್ನೆಯೇ.

ಪಂಡಿತರ ಬಳಿ ಉಪಾಯವಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಕರ್ಟ್ ಡ್ರೆಸ್ನರ್ ಮತ್ತು ಪೀಟರ್ ಸ್ಟೋನ್ 2004ರಲ್ಲೇ ಒಂದು ಲೆಕ್ಕ ಹಾಕಿದರು. ಬಸ್ಸಿನ ಸೀಟು ರಿಸರ್ವ್ ಮಾಡಿದ ಹಾಗೆ, ಕಾರು ಮುಂಚೆಯೇ ಸರ್ಕಲ್ಲಿನ ಕಂಪ್ಯೂಟರಿಗೆ ಹೇಳಿ ಜಾಗ, ಸಮಯ ಕಾದಿರಿಸಬೇಕು. ಜಾಗ ಖಾಲಿ ಇದ್ದರೆ ನಿಲ್ಲದೆ ಹೋಗಬಹುದು. ಇಲ್ಲದಿದ್ದರೆ ನಿಧಾನಿಸಿ ಮತ್ತೆ ಕೇಳಬೇಕು. ಕಾಯುವ ಹೊತ್ತು ಉಳಿತಾಯ. ಲೆಕ್ಕ ಸರಿ. ಆದರೆ ಕೈಚೀಲ ಹಿಡಿದು ರಸ್ತೆ ದಾಟುವ ಅಜ್ಜಿ ಎಲ್ಲಿ ರಿಸರ್ವ್ ಮಾಡಿಸಬೇಕು? ತಳ್ಳುಗಾಡಿಯವ? ಬೀದಿ ದನ?

ಡ್ರೈವರುಗಳ ಕೆಲಸ ಹೋಗುತ್ತೆ, ಇಂಥ ಕಾರು ಭಾರತಕ್ಕೆ ಬಿಡುವುದಿಲ್ಲ ಅಂತ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು. ಮುಂದೆ ಬರಲಿ ಬಿಡಲಿ, ಪಾಠ ಒಂದೇ. ಯಾವ ಊರಾದರೂ ಸರಿ, ಪರವಾನಗಿ ಕೊಡುವ ಮುಂಚೆ ಒಂದು ಸಂಜೆ ಸಿಗ್ನಲ್ ಆರಿಸಿ ಆ ಕಾರನ್ನು ಪರೀಕ್ಷೆ ಮಾಡಲಿ. ಪಾಸಾದರೆ ರಸ್ತೆಗೆ, ಇಲ್ಲದಿದ್ದರೆ ಶೆಡ್ಡಿಗೆ.

ಇನ್ನು ಸಿಗ್ನಲ್ ಕಂಬಕ್ಕೊಂದು ಬ್ಯಾಟರಿ, ಕರೆಂಟು ಹೋದಾಗ ವಿಷಲ್ ಹಿಡಿದು ನಿಲ್ಲಲು ಒಬ್ಬ ಪೇದೆ... ಇವಕ್ಕೆ ಡ್ರೈವರಿಲ್ಲದ ಕಾರು ಬರೋವರೆಗೂ ಕಾಯಬೇಕೇ?