ಹಗುರ ಕೋಲು, ಭಾರೀ ಭರವಸೆ

ಗಾಲ್ಫ್ ಕ್ಲಬ್ಬಿನ ತೂಕ ಇಪ್ಪತ್ತು ಗ್ರಾಂ ಇಳಿದರೆ ಚೆಂಡು ಹತ್ತು ಗಜ ಹೆಚ್ಚು ದೂರ ಹೋಗುತ್ತದೆಯೇ? ಹೋಗುತ್ತದೆ ಎಂಬ ನಂಬಿಕೆಯ ಮೇಲೆ ಒಂದು ದೊಡ್ಡ ಮಾರುಕಟ್ಟೆಯೇ ನಿಂತಿದೆ. (ಕ್ಲಬ್ ಎಂದರೆ ಇಲ್ಲಿ ಸಂಘವಲ್ಲ, ಚೆಂಡು ಹೊಡೆಯುವ ಕೋಲು. ಈ ಆಟದಲ್ಲಿ ಎರಡೂ ದುಬಾರಿಯಾದ್ದರಿಂದ ಗೊಂದಲ ಸಹಜ.) ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆದರೆ ನನ್ನಂತೆ ನಿವೃತ್ತಿಯ ನಂತರ ಈ ಆಟಕ್ಕೆ ಹೆಚ್ಚು ಸಮಯ ಕೊಡುವವರ ಸಂಖ್ಯೆ ಈಗ ಬೆಳೆದಿದೆ. ಅರುವತ್ತು ದಾಟಿದವನ ಹೊಡೆತ ವರ್ಷದಿಂದ ವರ್ಷಕ್ಕೆ ಮೊಟಕಾಗುತ್ತದೆ. ಹಗುರ ಕ್ಲಬ್ಬುಗಳ ಜಾಹೀರಾತು ಗುರಿಯಿಡುವುದು ಈ ಕೊರಗಿಗೇ. ಹೀಗಾಗಿ ಆ ಭರವಸೆಯನ್ನು ಲೆಕ್ಕದ ಒರೆಗೆ ಹಚ್ಚಿ ನೋಡುವುದು ಅಗತ್ಯವೆಂದು ನನಗೆ ತೋರುತ್ತದೆ.

ಮೊದಲಿಗೆ ಸ್ವಲ್ಪ ಇತಿಹಾಸ. ಅತಿ ದೂರ ಹೊಡೆಯಲು ಬಳಸುವ ಕ್ಲಬ್ಬಿಗೆ ಡ್ರೈವರ್ ಎಂದು ಹೆಸರು. ಅದರಲ್ಲಿ ಮೂರು ಭಾಗಗಳು: ಚೆಂಡಿಗೆ ತಾಗುವ ತಲೆ, ಶಾಫ್ಟ್ ಎಂಬ ದಂಡ, ಕೈಹಿಡಿ. ಮರದ ತಲೆ, ಉಕ್ಕಿನ ಶಾಫ್ಟ್ ಇದ್ದ ಕಾಲದಲ್ಲಿ ಒಟ್ಟು ತೂಕ 370 ಗ್ರಾಂ ಆಸುಪಾಸು. ಎಪ್ಪತ್ತರ ದಶಕದ ಆರಂಭದಲ್ಲಿ ಗ್ರಾಫೈಟ್ ಶಾಫ್ಟ್ ಬಂದಿತು. ತೊಂಬತ್ತರ ದಶಕದಲ್ಲಿ ಟೈಟಾನಿಯಂ ತಲೆ ಬಂದಿತು. ಇಂದು ಸಾಮಾನ್ಯ ಡ್ರೈವರ್ 310 ಗ್ರಾಂ ಸುತ್ತಮುತ್ತ ತೂಗುತ್ತದೆ. 120 ಗ್ರಾಂಗೂ ಮೀರಿದ್ದ ಉಕ್ಕಿನ ಶಾಫ್ಟ್ ಹೋಗಿ 60 ಗ್ರಾಂನ ಶಾಫ್ಟ್ ಬಂದದ್ದು ನಿಜವಾದ ಕ್ರಾಂತಿ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಪ್ರಶ್ನೆ ಇರುವುದು ಆಮೇಲಿನ ಮೂವತ್ತು ನಾಲ್ವತ್ತು ಗ್ರಾಂಗಳ ಬಗ್ಗೆ. 2011ರಲ್ಲಿ ಕ್ಲೀವ್‌ಲ್ಯಾಂಡ್ ಕಂಪನಿಯು 270 ಗ್ರಾಂ ತೂಕದ ಡ್ರೈವರ್ ಒಂದನ್ನು ಆ ಸಂಖ್ಯೆಯನ್ನೇ ಹೆಸರಿನಲ್ಲಿಟ್ಟುಕೊಂಡು ಮಾರುಕಟ್ಟೆಗೆ ತಂದಿತು. ಆಗಿನಿಂದ 'ಅತಿ ಹಗುರ' ಎಂಬುದೇ ಒಂದು ಮಾರಾಟದ ಮಂತ್ರವಾಗಿದೆ.

ಈಗ ಲೆಕ್ಕಕ್ಕೆ ಬರೋಣ. ಕ್ಲಬ್ಬಿನ ತಲೆ ಸುಮಾರು 200 ಗ್ರಾಂ. ಚೆಂಡು ನಿಯಮದಂತೆ 45.93 ಗ್ರಾಂಗೆ ಮೀರುವಂತಿಲ್ಲ. ಗಂಟೆಗೆ 90 ಮೈಲಿ ವೇಗದ ತಲೆ ತಾಗಿದರೆ ಚೆಂಡು 134 ಮೈಲಿ ವೇಗದಲ್ಲಿ ಹೊರಡುತ್ತದೆ. ತಲೆಯನ್ನೇ 20 ಗ್ರಾಂ ಹಗುರಗೊಳಿಸಿದರೆ ಅದೇ 90 ಮೈಲಿಗೆ ಚೆಂಡಿನ ವೇಗ 131ಕ್ಕೆ ಇಳಿಯುತ್ತದೆ. ಹಗುರ ಸುತ್ತಿಗೆಯಿಂದ ಮೊಳೆ ಹೊಡೆದವರಿಗೆಲ್ಲ ತಿಳಿದಿರುವ ಸಂಗತಿ ಇದು. ಅಂದರೆ, ಬೀಸಿನ ವೇಗ ಶೇಕಡ ಎರಡರಷ್ಟು ಹೆಚ್ಚಾದರೆ ಮಾತ್ರ ನಾವು ಹೊರಟಲ್ಲಿಗೇ ಮರಳಿದಂತಾಗುತ್ತದೆ. ಲಾಭ ಶುರುವಾಗುವುದು ಅದರಾಚೆ.

ತಯಾರಕರು ಇದನ್ನು ಅರಿಯದವರಲ್ಲ. ಆದ್ದರಿಂದಲೇ ಅವರು ಹೆಚ್ಚಾಗಿ ತೂಕ ಇಳಿಸುವುದು ಶಾಫ್ಟ್ ಮತ್ತು ಕೈಹಿಡಿಗಳಲ್ಲಿ. ಅಲ್ಲಿ ನಷ್ಟವಿಲ್ಲ, ನಿಜ. ಆದರೆ ಲಾಭವೆಷ್ಟು? ಶಾಫ್ಟಿನ ತೂಕ ಕೈಯಿಂದ ತಲೆಯವರೆಗೆ ಹಂಚಿಹೋಗಿರುವುದರಿಂದ, ಅದರಲ್ಲಿ ಉಳಿಸಿದ 20 ಗ್ರಾಂ ತಲೆಯಲ್ಲಿ ಉಳಿಸಿದ ಸುಮಾರು 7 ಗ್ರಾಂಗೆ ಸಮ. ಆಟಗಾರ ಅಷ್ಟೇ ಶಕ್ತಿ ಹಾಕುತ್ತಾನೆಂದು ಭಾವಿಸಿದರೆ ವೇಗ ಹೆಚ್ಚುವುದು ಅಬ್ಬಬ್ಬಾ ಎಂದರೆ ಶೇಕಡ ಒಂದೂವರೆ. ಅದೂ ಬೀಸುವವನ ತೋಳುಗಳ ತೂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ! ಹಲವು ಕಿಲೋಗ್ರಾಂ ತೂಗುವ ಆ ತೋಳುಗಳನ್ನೂ ಅದೇ ಸ್ನಾಯುಗಳು ತಿರುಗಿಸಬೇಕಲ್ಲವೇ? ಒಂದು ಮೈಲಿ ವೇಗಕ್ಕೆ ಎರಡೂವರೆ ಗಜ ಎಂಬ ರೂಢಿಯ ಸೂತ್ರ ಹಿಡಿದರೂ ಗರಿಷ್ಠ ಲಾಭ ಮೂರೂವರೆ ಗಜ. ಕೈಹಿಡಿಯಲ್ಲಿ ಉಳಿಸಿದ ತೂಕದಿಂದ ವೇಗಕ್ಕಾಗುವ ಅನುಕೂಲ ನಗಣ್ಯ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಇಳಿಮುಖ ಪ್ರತಿಫಲ ನಿಯಮದ ಪಾಠವೇ ಇದು.

ಹಾಗಾದರೆ ಅಂಗಡಿಯಲ್ಲಿ ಪರದೆಯ ಮೇಲೆ ಕಾಣುವ ಹದಿನೈದು ಗಜ ಎಲ್ಲಿಂದ ಬಂತು? ಸೇವೆಯಲ್ಲಿದ್ದಾಗ ಟೆಂಡರುಗಳ ತುಲನಾತ್ಮಕ ಪಟ್ಟಿಗಳನ್ನು ಪರಿಶೀಲಿಸುವುದು ನನ್ನ ಕೆಲಸದ ಭಾಗವಾಗಿತ್ತು. ಸಮಾನವಾದುದನ್ನು ಸಮಾನವಾದುದರೊಡನೆ ಹೋಲಿಸದ ಪಟ್ಟಿಯನ್ನು ಕೆಳಗಿನ ಗುಮಾಸ್ತರೂ ವಾಪಸು ಕಳುಹಿಸುತ್ತಿದ್ದರು. ಗಾಲ್ಫ್ ಜಾಹೀರಾತಿನಲ್ಲಿ ಆ ಶಿಸ್ತು ಕಾಣದು. ಗಿರಾಕಿಯ ಹಳೆಯ ಡ್ರೈವರ್ 44 ಅಂಗುಲ ಉದ್ದವಿದ್ದರೆ, ಹೊಸ ಹಗುರ ಡ್ರೈವರ್ ನಲವತ್ತೈದೂವರೆ ಅಂಗುಲ ಉದ್ದವಿರುತ್ತದೆ. ಉದ್ದ ಹೆಚ್ಚಿದರೆ ಬೀಸಿನ ವೃತ್ತ ದೊಡ್ಡದಾಗಿ ವೇಗ ಹೆಚ್ಚುತ್ತದೆ. ಜೊತೆಗೆ ತಲೆಯ ಮಧ್ಯಕ್ಕೆ ಚೆಂಡು ತಾಗಿಸುವುದೂ ಕಷ್ಟವಾಗುತ್ತದೆ. ಮೊದಲನೆಯದು ಜಾಹೀರಾತಿನಲ್ಲಿರುತ್ತದೆ, ಎರಡನೆಯದು ಮೈದಾನದಲ್ಲಿ ಗೊತ್ತಾಗುತ್ತದೆ. ಹಳೆಯ ಕ್ಲಬ್ಬಿನ ಹದಿನೈದು ವರ್ಷದ ಸವೆದ ಕೈಹಿಡಿ, ಹೊಸದರ ಬೇರೆ ಓರೆಕೋನ, ಎಲ್ಲವೂ ತೂಕದ ಖಾತೆಗೇ ಜಮಾ ಆಗುತ್ತವೆ.

ಇನ್ನು ಸಂಖ್ಯಾಶಾಸ್ತ್ರದ ಮಾತು. ನನ್ನಂಥ ಹವ್ಯಾಸಿಯ ಹೊಡೆತಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಅವುಗಳ ಮಾನಕ ವಿಚಲನೆ 20 ಗಜ ಎಂದಿಟ್ಟುಕೊಳ್ಳೋಣ. ಎರಡು ಕ್ಲಬ್ಬುಗಳಿಂದ ಹತ್ತು ಹತ್ತು ಬಾರಿ ಹೊಡೆದರೆ, ಅವುಗಳ ನಡುವೆ ನಿಜಕ್ಕೂ ಯಾವ ವ್ಯತ್ಯಾಸವಿಲ್ಲದಿದ್ದರೂ, ಸರಾಸರಿಗಳಲ್ಲಿ ಒಂಬತ್ತು ಗಜದ ಅಂತರ ಕೇವಲ ಆಕಸ್ಮಿಕವಾಗಿ ಬರುವುದು ತೀರಾ ಸಾಮಾನ್ಯ. ಮೂರೂವರೆ ಗಜದ ನಿಜವಾದ ಲಾಭವನ್ನು ಖಚಿತವಾಗಿ ಗುರುತಿಸಬೇಕಾದರೆ ಪ್ರತಿಯೊಂದು ಕ್ಲಬ್ಬಿನಿಂದ ಸುಮಾರು ಐನೂರು ಬಾರಿ ಹೊಡೆಯಬೇಕು! ಅಷ್ಟರಲ್ಲಿ ಅಂಗಡಿಯ ಬಾಗಿಲು ಮುಚ್ಚಿರುತ್ತದೆ, ಗಿರಾಕಿಯ ಭುಜವೂ ಹೋಗಿರುತ್ತದೆ.

ಬಳಸಿದ ಮೇಲೂ ಗುಣ ತಿಳಿಯದ ಸರಕುಗಳ ಬಗ್ಗೆ ಡಾರ್ಬಿ ಮತ್ತು ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿ ಬರೆದರು. ವೈದ್ಯನ ಸಲಹೆ, ಮೆಕ್ಯಾನಿಕ್ಕನ ರಿಪೇರಿಗಳ ಸಾಲಿಗೆ ಹಗುರ ಡ್ರೈವರನ್ನೂ ಸೇರಿಸಬೇಕೆಂದು ನನ್ನ ವಾದ. ಇಂಥ ಸರಕುಗಳಲ್ಲಿ ಗ್ರಾಹಕನಿಗೆ ಬೆಲೆಯೇ ಗುಣದ ಸಾಕ್ಷಿಯಾಗಿಬಿಡುತ್ತದೆ. ಅರ್ಧ ಲಕ್ಷ ರೂಪಾಯಿ ಮೀರುವ ಕ್ಲಬ್ ಕೊಂಡವರು ಅದು ಕೆಲಸ ಮಾಡುತ್ತಿಲ್ಲವೆಂದು ಹೇಳುವುದು ಅಪರೂಪ.

ಉದ್ಯಮ ತೂಕದ ಹಿಂದೆ ಬಿದ್ದದ್ದೇಕೆ ಎಂಬುದಕ್ಕೂ ಕಾರಣವಿದೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಜಂಟಿಯಾಗಿ ಆಟದ ನಿಯಮ ರೂಪಿಸುತ್ತವೆ. ಡ್ರೈವರಿನ ಮುಖದ ಸ್ಪ್ರಿಂಗಿನಂಥ ಪುಟಿತಕ್ಕೆ ಅವು ಮಿತಿ ಹಾಕಿವೆ. ತಲೆಯ ಗಾತ್ರ 460 ಘನ ಸೆಂಟಿಮೀಟರಿಗೆ ಸೀಮಿತ. ಉದ್ದ 48 ಅಂಗುಲ ಮೀರಬಾರದು, ವೃತ್ತಿಪರ ಸ್ಪರ್ಧೆಗಳಲ್ಲಿ ಅದನ್ನು 46 ಅಂಗುಲಕ್ಕೆ ಇಳಿಸಲು 2022ರ ಜನವರಿಯಿಂದ ಅವಕಾಶವಿದೆ. ಕನಿಷ್ಠ ತೂಕಕ್ಕೆ ಮಾತ್ರ ಮಿತಿಯಿಲ್ಲ. ಒಂದು ಬಾಗಿಲು ಮುಚ್ಚಿದರೆ ಪೈಪೋಟಿ ತೆರೆದ ಬಾಗಿಲಿನತ್ತ ನುಗ್ಗುತ್ತದೆಂಬುದನ್ನು ಲೈಸೆನ್ಸ್ ರಾಜ್ಯ ಕಂಡ ನಮ್ಮ ಪೀಳಿಗೆಗೆ ವಿವರಿಸಬೇಕಿಲ್ಲ. ಆದರೆ ಬೇಕಾದ ಕ್ಲಬ್ಬನ್ನು ಬೇಕಾದ ತೂಕದಲ್ಲಿ ಪುಕ್ಕಟೆಯಾಗಿ ಪಡೆಯಬಲ್ಲ ವೃತ್ತಿಪರ ಪುರುಷ ಆಟಗಾರರು ಸಾಮಾನ್ಯವಾಗಿ ಇಂದಿಗೂ 300 ಗ್ರಾಂ ಮೀರಿದ ಡ್ರೈವರನ್ನೇ ಹಿಡಿಯುತ್ತಾರೆ. ಜಾಹೀರಾತಿನಲ್ಲಿ ನಗುವವರ ಚೀಲದಲ್ಲಿ ಏನಿದೆ ಎಂಬುದೂ ಒಂದು ಸಾಕ್ಷ್ಯವೇ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹಗುರ ಕ್ಲಬ್ ನಿರುಪಯೋಗಿ ಎಂದು ನನ್ನ ಅಭಿಪ್ರಾಯವಲ್ಲ. ಜಪಾನಿನ ಸುಮಿಟೊಮೊ ಸಮೂಹವು 2000ರಲ್ಲಿ ಆರಂಭಿಸಿದ ಝೆಕ್ಸಿಯೊ ಸರಣಿ ಆ ದೇಶದಲ್ಲಿ ಅಪಾರ ಯಶಸ್ಸು ಕಂಡಿದೆ. ನಿಧಾನವಾಗಿ ಬೀಸುವವರನ್ನು, ವಿಶೇಷವಾಗಿ ವಯಸ್ಸಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕ್ಲಬ್ಬುಗಳವು. ಹದಿನೆಂಟು ಕುಳಿಗಳ ಆಟದಲ್ಲಿ ಕೊನೆಯ ಐದಾರು ಕುಳಿಗಳ ವೇಳೆಗೆ ದಣಿವು ಬಂದಿರುತ್ತದೆ. ಭುಜದ ನೋವು, ಮಣಿಕಟ್ಟಿನ ಸಂಧಿವಾತ ಇರುವವರಿಗೆ ಭಾರದ ಕ್ಲಬ್ ಶಿಕ್ಷೆಯೇ ಸರಿ. ಅಂಥವರು ಹಗುರ ಕ್ಲಬ್ಬಿನಿಂದ ಇನ್ನೈದು ವರ್ಷ ಆಡಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಲಾಭ ಯಾವುದು? ವಿಚಿತ್ರವೆಂದರೆ, ನ್ಯಾಯವಾಗಿ ಹೇಳಿಕೊಳ್ಳಬಹುದಾದ ಈ ಗುಣವನ್ನು ಜಾಹೀರಾತುಗಳು ಮೆಲುದನಿಯಲ್ಲಿ ಹೇಳಿ, ಗಜಗಳ ಲೆಕ್ಕವನ್ನು ಮಾತ್ರ ಡಂಗುರ ಸಾರುತ್ತವೆ. ತನಗೆ ವಯಸ್ಸಾಯಿತೆಂದು ಒಪ್ಪಿ ದುಡ್ಡು ಬಿಚ್ಚುವ ಗಿರಾಕಿ ವಿರಳ ತಾನೆ!

ದೂರವೇ ಸರ್ವಸ್ವ ಎನ್ನುವವರು ನಮ್ಮೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ದೂರ ಹೊಡೆಯುವುದರಲ್ಲಿ ಕೊನೆಯ ಸಾಲಿನವರಾಗಿದ್ದರು. ಸ್ಪರ್ಧೆ ಮುಗಿದಾಗ ನಾಲ್ಕನೆಯವರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ಚೆಂಡನ್ನು ಕುಳಿಗೆ ಉರುಳಿಸುವ ಕೌಶಲ ಅವರನ್ನು ಅಲ್ಲಿಗೆ ಒಯ್ದಿತ್ತು. ಇನ್ನು ಗಜಗಳೇ ಬೇಕೆಂದರೆ, ಬೆಂಗಳೂರು ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಮಂಗಳೂರಿಗಿಂತ ಶೇಕಡ ಮೂರರಷ್ಟು ಹೆಚ್ಚು ದೂರ ಹೋಗುತ್ತದೆ. 200 ಗಜಕ್ಕೆ ಆರು ಗಜ, ಖರ್ಚಿಲ್ಲದೆ.

ಗ್ರಾಹಕನ ರಕ್ಷಣೆಗೆ ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ರಚನೆಯಾದ ಕೇಂದ್ರ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಗಳ ಪ್ರಕಾರ, ಜಾಹೀರಾತಿನ ಷರಾ ಅದರ ಮುಖ್ಯ ಹೇಳಿಕೆಗೆ ವಿರುದ್ಧವಾಗಿರಬಾರದು. 'ಹತ್ತು ಗಜ ಹೆಚ್ಚು' ಎನ್ನುವವರು ಯಾವ ಕ್ಲಬ್ಬಿಗಿಂತ, ಯಾವ ಉದ್ದದಲ್ಲಿ, ಎಷ್ಟು ವೇಗದ ಬೀಸಿಗೆ, ಯಂತ್ರದಿಂದಲೋ ಮನುಷ್ಯರಿಂದಲೋ ಎಂಬುದನ್ನು ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಲಿ. ಅಂಗಡಿಗಳು ಕ್ಲಬ್ಬನ್ನು ನಾಲ್ಕಾರು ಸುತ್ತು ಮೈದಾನದಲ್ಲಿ ಆಡಿ ನೋಡಲು ಕೊಡಲಿ. ಇವೆರಡೂ ನಡೆಯದಿದ್ದರೆ, ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೂ ಲಿಖಿತ ದೂರು ಸಲ್ಲಿಸಲು ಅವಕಾಶವಿದೆ. ಬರ, ನೆರೆ, ಪಹಣಿ ತಿದ್ದುಪಡಿಗಳ ಕಡತಗಳ ನಡುವೆ ಆ ಅಧಿಕಾರಿಯ ಮೇಜಿಗೆ ಗಾಲ್ಫ್ ಕೋಲಿನ ಕಡತವೊಂದು ಬಂದರೆ ಅವರ ಮುಖಭಾವ ಹೇಗಿರುತ್ತದೆಂದು ನಾನು ಚೆನ್ನಾಗಿ ಊಹಿಸಬಲ್ಲೆ. ಆದರೂ ದೂರಿಗೆ ಸ್ವೀಕೃತಿ ಪತ್ರ ಕೊಡಲೇಬೇಕಾಗುತ್ತದೆ.