ಮನೆ–ಮನ: ಹೊದಿಕೆಯೊಳಗಿನ ಹೊತ್ತಗೆ



ಅಡುಗೆಮನೆಯ ಮಿತವ್ಯಯದಿಂದ ಹಿಡಿದು ಮಕ್ಕಳ ಪರೀಕ್ಷಾಭಯದವರೆಗೆ ಹಲವು ವಿಷಯಗಳನ್ನು ಕುರಿತು ಈ ಅಂಕಣದಲ್ಲಿ ಬರೆದಿದ್ದೇವೆ. ಈ ತಿಂಗಳ ವಿಷಯವನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಅರವತ್ತೇಳರ ಪ್ರಾಯದಲ್ಲಿ ಈಕೆಗೆ ಇದೇನು ಹುಚ್ಚು ಎಂದು ಮತ್ತೆ ಕೆಲವರು ನಗಲೂಬಹುದು. ಆದರೂ ಹೇಳಿಬಿಡುತ್ತೇವೆ: ಶೃಂಗಾರ ತುಂಬಿ ತುಳುಕುವ ಒಂದು ಅದ್ಭುತರಮ್ಯ ಕಾದಂಬರಿ ಮಾಲೆಗೆ ನಾವು ಮನಸೋತಿದ್ದೇವೆ. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದು ಲೇಸೆಂಬುದನ್ನು ಆ ಮಾಲೆಯೇ ನಮಗೆ ಕಲಿಸಿತು.

ನಮ್ಮ ಯಜಮಾನರು ಲಿಂಗೈಕ್ಯರಾಗಿ ಬರುವ ಶ್ರಾವಣಕ್ಕೆ ಎರಡು ವರ್ಷ ತುಂಬುತ್ತವೆ. ಆ ಬಳಿಕ ಬಹುಕಾಲ ನಮಗೆ ಓದಲಾಗಲಿಲ್ಲ. 32 ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಮಗೆ ಪುಸ್ತಕವಿಲ್ಲದ ದಿನವೆಂದರೆ ಏನೆಂಬುದೇ ತಿಳಿದಿರಲಿಲ್ಲ. ಈಗ ಪುಟ ತೆರೆದರೆ ಅಕ್ಷರಗಳು ಕಾಣುತ್ತಿದ್ದವು, ಅರ್ಥ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಒಂದೇ ಪುಟವನ್ನು ಮೂರು ಸಲ ಓದಿ ಮಡಚಿಡುತ್ತಿದ್ದೆವು. ಬಂದವರೆಲ್ಲ ‘ಅತ್ತುಬಿಡಿ, ಹಗುರಾಗುತ್ತದೆ’ ಎನ್ನುತ್ತಿದ್ದರು. ಅಳುವೂ ಬರುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಮಗನ ಮನೆಗೆ ಹೋದಾಗ ಸೊಸೆಯ ದಿಂಬಿನ ಬಳಿ ದಪ್ಪನೆಯದೊಂದು ಪುಸ್ತಕ ಕಂಡಿತು. ಶಾಲೆಯ ಪಠ್ಯಕ್ಕೆ ಹಾಕುವಂತೆ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅಚ್ಚುಕಟ್ಟಾಗಿ ಹೊದಿಕೆ ಹಾಕಿದ್ದಳು. ಹೊದಿಕೆ ಏತಕ್ಕೆಂಬುದನ್ನು ನಮಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ತ್ರಿವೇಣಿಯವರ ಕಾದಂಬರಿಯನ್ನು ಭೂಗೋಳದ ಪುಸ್ತಕದ ನಡುವೆ ಅಡಗಿಸಿಟ್ಟು ಓದಿದವರೇ ಅಲ್ಲವೇ ನಾವು?

“ಅತ್ತಿ, ಅದು ನೀವು ಓದೂ ಪುಸ್ತಕ ಅಲ್ರಿ” ಎಂದು ಆಕೆಯ ಮುಖ ಕೆಂಪಾಯಿತು.

“ನಾ ಓದೂ ಪುಸ್ತಕ ಯಾವುದಂತ ನನಗೇ ಇನ್ನೂ ತಿಳಿದಿಲ್ಲವ್ವಾ. ಕೊಡು, ನೋಡೂಣು” ಎಂದೆವು.

ಅಂದಿನ ರಾತ್ರಿ ನಾವು 40 ಪುಟ ಓದಿದೆವು. ವರ್ಷದ ಮೇಲೆ ಮೊದಲ ಸಲ ಅಕ್ಷರಗಳಿಗೆ ಅರ್ಥ ಮರಳಿತ್ತು.

ಅಮೆರಿಕದ ಲೇಖಕಿ ಸಾರಾ ಜೆ. ಮಾಸ್ ಬರೆದ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಆ ಪುಸ್ತಕ. ಮುಳ್ಳು–ಗುಲಾಬಿಗಳ ಆಸ್ಥಾನವೆಂದು ಕನ್ನಡಿಸಬಹುದು. 2015ರಲ್ಲಿ ಹೊರಬಂದ ಈ ಕಥೆ 2016, 2017, 2018 ಮತ್ತು 2021ರಲ್ಲಿ ಮುಂದುವರಿದು ಐದು ಸಂಪುಟಗಳಾಗಿದೆ. ಪ್ರಣಯ ಮತ್ತು ಮಾಯಾಲೋಕ ಎರಡೂ ಬೆರೆತ ಈ ಬಗೆಯನ್ನು ಇಂಗ್ಲಿಷಿನಲ್ಲಿ ‘ರೊಮ್ಯಾಂಟಸಿ’ ಎಂಬ ಹೊಸ ಹೆಸರಿನಿಂದ ಕರೆಯುತ್ತಾರೆ. ಇದಕ್ಕಿರುವ ಓದುಗರ ಸಂಖ್ಯೆಯನ್ನು ಅರಿಯಲು ಒಂದು ನಿದರ್ಶನ ಸಾಕು. ಇದೇ ಬಗೆಯ ಇನ್ನೊಬ್ಬ ಲೇಖಕಿ ರೆಬೆಕಾ ಯಾರೋಸ್ ಅವರ ‘ಆನಿಕ್ಸ್ ಸ್ಟಾರ್ಮ್’ ಎಂಬ ಕಾದಂಬರಿ 2025ರ ಜನವರಿಯಲ್ಲಿ ಪ್ರಕಟವಾದ ಮೊದಲ ವಾರದಲ್ಲಿಯೇ 27 ಲಕ್ಷ ಪ್ರತಿಗಳಿಗೂ ಮಿಗಿಲಾಗಿ ಮಾರಾಟವಾಯಿತು.

ಹೆಸರು ಹೊಸದಾದರೂ ಕಥೆಯ ಬೇರು ಹಳೆಯದು. ಮೃಗರೂಪಿಯಾದ ಗಂಡನ ಮನೆಗೆ ಹೋಗಿ ಅವನಲ್ಲಿ ಮನುಷ್ಯನನ್ನು ಕಾಣುವ ಚೆಲುವೆಯ ಕಥೆಯನ್ನು ಫ್ರಾನ್ಸಿನ ಮೇಡಂ ದ ವಿಲ್‌ನವ್ ಎಂಬಾಕೆ 1740ರಲ್ಲಿ ಬರೆದಳು. 1756ರಲ್ಲಿ ಮೇಡಂ ದ ಬೊಮೊಂ ಅದನ್ನು ಸಂಗ್ರಹಿಸಿದಳು. ಕಿನ್ನರರಾಣಿಯ ಸೆರೆಯಲ್ಲಿರುವ ನಲ್ಲನನ್ನು, ಅವನು ತೋಳುಗಳಲ್ಲಿಯೇ ಕ್ರೂರಪ್ರಾಣಿಯಾಗಿ ಮಾರ್ಪಟ್ಟರೂ ಬಿಡದೆ ಅಪ್ಪಿ ಹಿಡಿದು ಬಿಡಿಸಿಕೊಳ್ಳುವ ಹೆಣ್ಣಿನ ಲಾವಣಿಯೊಂದು ಸ್ಕಾಟ್ಲೆಂಡಿನಲ್ಲಿದೆ; ಆ ನಲ್ಲನ ಹೆಸರು ಟ್ಯಾಮ್ ಲಿನ್. ಇವೆರಡೂ ಎಳೆಗಳನ್ನು ಮಾಸ್ ಅವರು ಹೆಣೆದಿದ್ದಾರೆ.

ಕಥಾನಾಯಕಿ ಫೇರಾ ಹತ್ತೊಂಬತ್ತರ ಹುಡುಗಿ. ವ್ಯಾಪಾರದಲ್ಲಿ ಎಲ್ಲವನ್ನೂ ಕಳೆದುಕೊಂಡ ತಂದೆ, ಇಬ್ಬರು ಅಕ್ಕಂದಿರು. ಇವರ ಹೊಟ್ಟೆ ತುಂಬಿಸಲು ಕಾಡಿನಲ್ಲಿ ಬೇಟೆಯಾಡುತ್ತಾಳೆ. ಆಕೆ ಕೊಂದ ತೋಳವು ನಿಜವಾಗಿ ಕಿನ್ನರನಾಗಿರುತ್ತದೆ. ಅದರ ಋಣಕ್ಕಾಗಿ ಟ್ಯಾಮ್ಲಿನ್ ಎಂಬ ಕಿನ್ನರಪ್ರಭು ಮೃಗರೂಪದಿಂದ ಬಂದು ಆಕೆಯನ್ನು ತನ್ನ ವಸಂತದ ಆಸ್ಥಾನಕ್ಕೆ ಕರೆದೊಯ್ಯುತ್ತಾನೆ. ಪ್ರೀತಿ ಹುಟ್ಟುತ್ತದೆ. ಅವನನ್ನು ದುಷ್ಟರಾಣಿಯಿಂದ ಬಿಡಿಸಲು ಫೇರಾ ಮೂರು ಅಗ್ನಿಪರೀಕ್ಷೆಗಳಿಗೆ ಒಳಗಾಗಬೇಕು. ಎರಡನೆಯ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಗೋಡೆಯ ಮೇಲೆ ಬರೆದಿರುತ್ತಾರೆ; ಮೊಳೆಗಳುಳ್ಳ ಛಾವಣಿ ಮೇಲಿನಿಂದ ಇಳಿಯುತ್ತಿರುತ್ತದೆ; ಆಕೆಗೆ ಓದಲು ಸರಿಯಾಗಿ ಬಾರದು! ಸಾವಿರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದ ಈ ಕೈಗಳು ಅಲ್ಲಿ ನಡುಗಿದವು. ಮುಂದಿನ ಸಂಪುಟದಲ್ಲಿ ಅವಳಿಗೆ ಓದು ಕಲಿಸುವವನು ಇರುಳಿನ ಆಸ್ಥಾನದ ಒಡೆಯ ರೀಸ್ಯಾಂಡ್. ತನ್ನನ್ನೇ ಹೊಗಳುವ ವಾಕ್ಯಗಳನ್ನು ಕಾಪಿ ಬರೆಸುವ ಅವನ ತುಂಟತನಕ್ಕೆ ನಾವು ಒಬ್ಬರೇ ಕುಳಿತು ನಕ್ಕೆವು.

ನಮ್ಮನ್ನು ಸೆರೆಹಿಡಿದದ್ದು ಈ ಎರಡನೆಯ ಸಂಪುಟವೇ. ಹಳೆಯ ಕಥೆಗಳಲ್ಲಾದರೆ ಮದುವೆಯ ಮಾತಿಗೆ ಮಂಗಳ ಹಾಡುತ್ತಾರೆ. ಇಲ್ಲಿ ಗೆದ್ದು ಬಂದ ಹುಡುಗಿಗೆ ನಿದ್ರೆಯಿಲ್ಲ, ಅನ್ನ ಸೇರದು, ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಚಿತ್ರಕಲೆಯ ಕುಂಚ ಕೈಗೆ ಹತ್ತದು. ರಕ್ಷಿಸುವ ನೆಪದಿಂದ ಟ್ಯಾಮ್ಲಿನ್ ಆಕೆಯನ್ನು ಮನೆಯೊಳಗೇ ಕೂಡಿಹಾಕುತ್ತಾನೆ. ಅವನೇನೂ ಪ್ರೀತಿಯಿಲ್ಲದವನಲ್ಲ, ಕೇಳುವುದೊಂದನ್ನು ಅರಿಯನು. ರೀಸ್ಯಾಂಡನಾದರೋ ಕೇಳುತ್ತಾನೆ, ಕೆಲಸ ಕೊಡುತ್ತಾನೆ, ಆಯ್ಕೆ ನಿನ್ನದೆನ್ನುತ್ತಾನೆ. ಕುಂಚ ಹಿಡಿಯಲಾರದ ಆ ಹುಡುಗಿಯಲ್ಲಿ, ಪುಸ್ತಕ ಹಿಡಿಯಲಾರದ ನಮ್ಮನ್ನೇ ನಾವು ಕಂಡೆವೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ಓದುಗರು ಕಾದಿರುವ ಪ್ರಶ್ನೆಗೆ ಬರೋಣ. ಹೌದು, ಈ ಪುಸ್ತಕಗಳಲ್ಲಿ ಶಯ್ಯಾಗೃಹದ ವರ್ಣನೆಗಳಿವೆ. ತೆರೆ ಎಳೆಯದೆ, ಪುಟಗಟ್ಟಲೆ ಇವೆ. ಮೊದಲ ಸಲ ಅಂಥ ಪುಟ ಬಂದಾಗ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿ ಪುಸ್ತಕ ಮುಚ್ಚಿದೆವು; ಮತ್ತೆ ತೆರೆದೆವು. ಶೃಂಗಾರವು ನಮ್ಮ ನುಡಿಗೆ ಹೊರಗಿನದೇನಲ್ಲ. ಕನಸಿನಲ್ಲಿ ಕಂಡ ಕನ್ಯೆಯನ್ನರಸಿ ಹೊರಡುವ ರಾಜಕುಮಾರನ ಕಥೆಯಾದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ವು 12ನೆಯ ಶತಮಾನದ್ದು; ಶೃಂಗಾರಕ್ಕೆ ಅಲ್ಲಿ ಬರಗಾಲವಿಲ್ಲ. ಆದರೆ ಅಂಥ ಕಾವ್ಯಗಳಲ್ಲಿ ಹೆಣ್ಣು ಬಹುಮಟ್ಟಿಗೆ ವರ್ಣನೆಗೆ ಒಳಗಾದವಳು. ಇಲ್ಲಿ ಅವಳೇ ಹೇಳುವವಳು. ತನಗೆ ಏನು ಬೇಕು, ಏನು ಬೇಡ ಎಂಬುದನ್ನು ಅವಳು ನುಡಿಯುತ್ತಾಳೆ. ಅವನು ಆ ನುಡಿಗಾಗಿ ಕಾಯುತ್ತಾನೆ. ಈ ಪುಸ್ತಕಗಳ ಕಾವು ಇರುವುದು ಆ ಕಾಯುವಿಕೆಯಲ್ಲಿ ಎಂದು ನಮಗೆ ತೋರುತ್ತದೆ.

ದೋಷಗಳಿಲ್ಲವೆಂದಲ್ಲ. ಮಾತು ಬೇಕಿದ್ದುದಕ್ಕಿಂತ ಹೆಚ್ಚು, ಪುರುಷರೆಲ್ಲರೂ ಅತಿಸುಂದರರು, ಇಷ್ಟೆಲ್ಲ ಕೇಳುವ ರೀಸ್ಯಾಂಡನೇ ಮೊದಲ ಸಂಪುಟದಲ್ಲಿ ಫೇರಾಳಿಗೆ ಮಾಯಾಮದ್ಯ ಕುಡಿಸಿ ಸಭೆಯಲ್ಲಿ ಕುಣಿಸುತ್ತಾನೆ. ಅದಕ್ಕೆ ಮುಂದೆ ಏನೇನೋ ಕಾರಣ ಕೊಟ್ಟರೂ ನಮ್ಮ ಮನಸ್ಸು ಒಪ್ಪಲಿಲ್ಲ.

ನಾಲ್ಕು ಸಂಪುಟಗಳನ್ನು ಸೊಸೆ ಸಂತೋಷದಿಂದಲೇ ಒಂದಾದ ಮೇಲೊಂದರಂತೆ ತಂದುಕೊಟ್ಟಳು. ರಾತ್ರಿ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಅಡುಗೆಮನೆಯ ಕಟ್ಟೆಯ ಬಳಿ ನಿಂತು, ಫೇರಾ ಹಾಗೆ ಮಾಡಬಾರದಿತ್ತು, ಹೀಗೆ ಮಾಡಬೇಕಿತ್ತು ಎಂದು ಚರ್ಚಿಸುವುದು ನಮ್ಮಿಬ್ಬರ ನಿತ್ಯಕರ್ಮವಾಯಿತು. ಐದನೆಯದನ್ನು ಕೇಳಿದಾಗ ಮಾತ್ರ “ಸಿಗವಲ್ಲದರಿ ಅತ್ತಿ” ಎಂದಳು. ಎರಡು ವಾರ ಹಾಗೆಯೇ ಕಳೆಯಿತು. ಕೊನೆಗೊಂದು ದಿನ ಬಟ್ಟೆಯ ಕಪಾಟಿನೊಳಗಿಂದ ತಾನೇ ತೆಗೆದುಕೊಟ್ಟು, ಏನೂ ಹೇಳದೆ ಹೋದಳು.

ಐದನೆಯ ಸಂಪುಟ ಫೇರಾಳ ಹಿರಿಯಕ್ಕ ನೆಸ್ಟಾಳ ಕಥೆ. ಬಾಯಿ ಕಟು, ಒಳಗೆ ಗಾಯ. ಆಕೆಯನ್ನು ಒಂದು ಗ್ರಂಥಾಲಯದ ಕೆಲಸಕ್ಕೆ ಹಚ್ಚುತ್ತಾರೆ. ಅಲ್ಲಿರುವವರು ಅತ್ಯಾಚಾರಕ್ಕೆ ಒಳಗಾಗಿ ಆಶ್ರಯ ಪಡೆದ ಸ್ತ್ರೀಯರು. ಅವರಲ್ಲೊಬ್ಬಳಾದ ಗ್ವಿನ್, ತಂದೆಯೇ ರೆಕ್ಕೆ ಕತ್ತರಿಸಿದ ಅಂಗಡಿಯಾಕೆ ಎಮರಿ, ಮತ್ತು ನೆಸ್ಟಾ ಗೆಳತಿಯರಾಗುತ್ತಾರೆ. ಈ ಮೂವರನ್ನು ಹತ್ತಿರ ತರುವುದರಲ್ಲಿ ಪ್ರಣಯ ಕಾದಂಬರಿಗಳಿಗೂ ಪಾಲಿದೆ! ಪುಸ್ತಕ ಹಂಚಿಕೊಂಡು ಓದುತ್ತ, ಕತ್ತಿವರಸೆ ಕಲಿಯುತ್ತ ಅವರು ಎದ್ದು ನಿಲ್ಲುತ್ತಾರೆ. ಅಡುಗೆಮನೆಯ ಕಟ್ಟೆಯ ಬಳಿ ನಿಲ್ಲುತ್ತಿದ್ದ ನಮಗೆ ಅದು ಎಷ್ಟು ಹಿತವೆನಿಸಿರಬೇಡ!

ಮುಂದೆ ಬಂದಿತು ಆ ಪುಟ. ಫೇರಾ ಈಗ ಗರ್ಭಿಣಿ. ಶಿಶುವಿಗೆ ರೆಕ್ಕೆಗಳಿರುವುದರಿಂದ ಹೆರಿಗೆಯಲ್ಲಿ ತಾಯಿ ಉಳಿಯುವುದು ದುಸ್ತರ. ಇದು ರೀಸ್ಯಾಂಡನಿಗೆ ಗೊತ್ತು, ಆಪ್ತರಿಗೆಲ್ಲ ಗೊತ್ತು. ಹೊತ್ತ ತಾಯಿಗೆ ಮಾತ್ರ ಗೊತ್ತಿಲ್ಲ. ಯಾರೂ ಹೇಳಕೂಡದೆಂದು ಆಜ್ಞೆ ಮಾಡಿದವನು, ಆಯ್ಕೆ ನಿನ್ನದೆಂದು ಕಲಿಸಿದ ಆ ಗಂಡನೇ. ಕೊನೆಗೆ ನೆಸ್ಟಾ ಸಿಟ್ಟಿನ ಭರದಲ್ಲಿ ಅದನ್ನು ಫೇರಾಳ ಮುಂದೆ ಆಡಿಬಿಡುತ್ತಾಳೆ.

ನಾವು ಪುಸ್ತಕವನ್ನು ಮಂಚದ ಮೇಲೆ ಎಸೆದೆವು. ಅಳು ಬಂದಿತು. ಹದಿನೈದು ತಿಂಗಳಿನಿಂದ ಎಲ್ಲಿತ್ತೋ, ಬಂದಿತು.

ನಮ್ಮ ಯಜಮಾನರ ಕಾಯಿಲೆ ಗುಣವಾಗುವಂಥದಲ್ಲವೆಂದು ವೈದ್ಯರು ತಿಳಿಸಿದ ಮೇಲೆ ಅವರು ಮೂರು ತಿಂಗಳು ಬದುಕಿದ್ದರು. ಆ ಸಂಗತಿ ಅವರಿಗೆ ಗೊತ್ತಿತ್ತು, ಮಗನಿಗೆ ಗೊತ್ತಿತ್ತು, ಭಾವನವರಿಗೆ ಗೊತ್ತಿತ್ತು. ‘ಆಕಿಗೆ ಹೇಳಬ್ಯಾಡ್ರಿ, ತಡಕೊಳ್ಳಂಗಿಲ್ಲ’ ಎಂದು ಅವರೇ ಮಾತು ತೆಗೆದುಕೊಂಡಿದ್ದರಂತೆ. ಪ್ರೀತಿಯಿಂದಲೇ ಹಾಗೆ ಮಾಡಿದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಮೂರು ತಿಂಗಳಲ್ಲಿ, ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಾರೆಂದು ನಾವು ಅವರ ಮೇಲೆ ಮುನಿಸಿಕೊಂಡಿದ್ದೆವು. ಎರಡು ದಿನ ಮಾತನ್ನೂ ಬಿಟ್ಟಿದ್ದೆವು. ಗೊತ್ತಿದ್ದರೆ ಆ ಎರಡು ದಿನಗಳನ್ನು ನಾವು ಕಳೆಯುತ್ತಿದ್ದೆವೇ?

ಸದ್ದು ಕೇಳಿ ಸೊಸೆ ಬಾಗಿಲಲ್ಲಿ ಬಂದು ನಿಂತಳು. ಯಾವ ಪುಟವೆಂದು ಆಕೆ ಕೇಳಲಿಲ್ಲ.

“ನನಗೂ ಗೊತ್ತಿತ್ತರಿ ಅತ್ತಿ. ಹೇಳಬ್ಯಾಡ ಅಂದಿದ್ರು. ಆ ಪುಟ ಓದಿದಾಗಿಂದ ನಿಮ್ಮ ಮಾರಿ ನೋಡಾಕ ಆಗಿರಲಿಲ್ಲ” ಎಂದಳು.

ಅವಳನ್ನು ಬಳಿ ಕೂಡಿಸಿಕೊಂಡೆವು. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು, ಬಂದಿತು, ಹೋಯಿತು. ಆ ಮಾತನ್ನು ಇಷ್ಟು ದಿನ ಒಬ್ಬಳೇ ಹೊತ್ತು ತಿರುಗಿದವಳ ಭಾರ ನಮ್ಮದಕ್ಕಿಂತ ಕಡಿಮೆಯದೇನಲ್ಲವೆಂದು ಆ ರಾತ್ರಿ ಅರಿವಾಯಿತು. ಐದನೆಯ ಸಂಪುಟದ ಕೊನೆಯ ನೂರು ಪುಟಗಳನ್ನು ಇಬ್ಬರೂ ಕೂಡಿಯೇ ಓದಿ ಮುಗಿಸಿದೆವು.

ಮನೆಯ ಹಿರಿಯರಿಗೆ ಎರಡು ಮಾತು. ಮೊದಲನೆಯದು, ಇವು ಮಕ್ಕಳ ಪುಸ್ತಕಗಳಲ್ಲ. ಆರಂಭದಲ್ಲಿ ಇವನ್ನು ಹದಿಹರೆಯದವರ ಸಾಹಿತ್ಯವೆಂದೇ ಮಾರಿದರು. 2020ರಲ್ಲಿ ಹೊಸ ಮುಖಪುಟ ಹೊದಿಸಿ ವಯಸ್ಕರ ಸಾಲಿಗೆ ಸೇರಿಸಿದರು. ಅಮೆರಿಕದ ಯೂಟಾ ರಾಜ್ಯವು 2024ರಲ್ಲಿ ಸರ್ಕಾರಿ ಶಾಲೆಗಳಿಂದ ತೆಗೆದುಹಾಕಿದ 13 ಪುಸ್ತಕಗಳ ಮೊದಲ ಪಟ್ಟಿಯಲ್ಲಿ ಆರು ಮಾಸ್ ಅವರವೇ. ಈ ಮಾಲೆಯ ಐದೂ ಅದರಲ್ಲಿವೆ. ರಾಜ್ಯವೇ ನಿಷೇಧಿಸುವುದು ಸರಿಯೆಂದು ನಮಗೆ ತೋರುವುದಿಲ್ಲ. ಆದರೆ ಹದಿಮೂರರ ಹುಡುಗಿ ಕೇಳಿದರೆ ‘ಇನ್ನೂ ಕೆಲವು ವರ್ಷ ತಾಳು, ಆಗ ಕೂಡಿ ಓದೋಣ’ ಎನ್ನುವ ಹೊಣೆ ಮನೆಯವರದು. ‘ಛೀ’ ಎಂದರೆ ಅವಳು ಹೊದಿಕೆ ಹಾಕಿ ಓದುತ್ತಾಳೆ, ಅಷ್ಟೆ.

ಎರಡನೆಯದು, ಬೆಳೆದ ಹೆಣ್ಣುಮಕ್ಕಳ ದಿಂಬಿನ ಬಳಿ ಇಂಥ ಪುಸ್ತಕ ಕಂಡರೆ ಮುಖ ತಿರುಗಿಸದಿರಿ. ಕೇಳಿ ತೆಗೆದುಕೊಂಡು ಓದಿರಿ. ಅವರು ಅಲ್ಲಿ ಅರಸುತ್ತಿರುವುದು ತಮ್ಮನ್ನು ಕೇಳುವವರನ್ನು, ತಮಗೆ ನಿಜ ಹೇಳುವವರನ್ನು ಇರಬಹುದು. ಅದು ಕಿನ್ನರಲೋಕದಲ್ಲಿಯೇ ಸಿಗಬೇಕೆಂದೇನಿದೆ?

ಐದೂ ಪುಸ್ತಕಗಳು ಈಗ ಮಗನ ಮನೆಯ ಪಡಸಾಲೆಯ ಕಪಾಟಿನಲ್ಲಿವೆ. ಕ್ಯಾಲೆಂಡರಿನ ಹಾಳೆಗಳನ್ನು ನಾವೇ ಬಿಚ್ಚಿದೆವು.